ಮ್ಯಾಲಕಿಯ ಕಾಲುಚೀಲ ಮತ್ತು ಮುನಿಸಿಕೊಂಡ ಬಾವಿ

ಸಬೀನಕ್ಕನನ್ನು ನಾನು ಮೊದಲು ಕಂಡದ್ದು ಮದುವೆಯಾಗಿ ಈ ಊರಿಗೆ ಬಂದ ವಾರ, ನಾನೇ ಎರಡೂ ಕಾಲಿಗೆ ತುರಚೆ ಗಿಡ ತಗುಲಿಸಿಕೊಂಡು ಕುಣಿಯುತ್ತಿದ್ದಾಗ. ಡಾಕ್ ಎಂಬ ಗಿಡದ ಎಲೆ ಉಜ್ಜಿದರೆ ಉರಿ ಇಳಿಯುತ್ತದೆ. ಅವಳು ಆ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಲ್ಲುಗೋಡೆಯ ಮೇಲೆ ಕುಳಿತಿದ್ದಳು.

“ಕೊಡಿ ಅಕ್ಕ.”

“ತಡಿಯೇ ಹುಡುಗಿ. ಮ್ಯಾಲಕಿ ಕುಣಿಯೋಕೆ ಬರೋಳನ್ನ ತಂದಿದಾನೋ ಇಲ್ವೋ ನೋಡ್ಬೇಕು.”

ಮ್ಯಾಲಕಿ ನನ್ನ ಗಂಡ.

ಆಮೇಲೆ ಮೂವತ್ತು ವರ್ಷ ನಮ್ಮಿಬ್ಬರ ಮನೆಗೆ ಒಂದೇ ಬೇಲಿ. ಕಣ್ಣು ಮಂಜಾದ ವರ್ಷ ಅವಳೊಂದು ಹರಕೆ ಹೊತ್ತಳು: ರಸ್ತೆಯಾಚೆ ಫೆಸ್ಟಸನ ಹೊಲದಲ್ಲಿದ್ದ ಸಂತ ಬ್ರಿಜಿಟಮ್ಮನ ಉಕ್ಕಿ ಹರಿಯುವ ಬಾವಿಗೆ ಮೂರು ಭಾನುವಾರ ಸುತ್ತು ಬಂದು, ಕಣ್ಣು ತೊಳೆದು, ಮುಳ್ಳುಮರಕ್ಕೆ ಬಟ್ಟೆಚೂರು ಕಟ್ಟುವುದು. ಎರಡು ಭಾನುವಾರ ಮುಗಿದವು. ಅಷ್ಟರಲ್ಲಿ ಫೆಸ್ಟಸ್ ಹೋರಿ ತಂದು ಗೇಟಿಗೆ ಬೀಗ ಹಾಕಿದ. ಮೂರನೆಯದು ತಪ್ಪಿದರೆ ಹಿಂದಿನೆರಡೂ ಲೆಕ್ಕಕ್ಕಿಲ್ಲ.

“ಒಂದು ಗಳಿಗೆ ತೆಗಿಯಪ್ಪ.”

“ಆಗಲ್ಲ ಸಬೀನಕ್ಕ. ಬೇಕಿದ್ರೆ ನಿಮ್ಮ ಬ್ರಿಜಿಟಮ್ಮನೇ ಆಚೆ ಬರ್ಲಿ.”

“ನೀನೇ ಹೇಳಿದ್ದು, ನೆನಪಿರ್ಲಿ.”

ಪುಣ್ಯದ ಬಾವಿಯಲ್ಲಿ ಕೊಳೆಬಟ್ಟೆ ಒಗೆದರೆ ಅದು ಮುನಿಸಿಕೊಂಡು ಜಾಗ ಬದಲಿಸುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗುರುವಾರ ಮಧ್ಯಾಹ್ನ ಹೋರಿಗೊಂದು ಎಲೆಕೋಸು ಎಸೆದು ಅವಳು ಗೋಡೆ ಹತ್ತಿ ಇಳಿದಳು. ಒಗೆಯಲು ಒಯ್ದದ್ದು ನನ್ನ ಕೊಳೆಬಟ್ಟೆ ಬುಟ್ಟಿಯಿಂದ, ಮ್ಯಾಲಕಿಯ ಒಂದು ಜೊತೆ ಕಾಲುಚೀಲ. ಜೌಗಿನಲ್ಲಿ ಒಲೆಗೆ ಉರಿಸುವ ಮಣ್ಣುಹೆಂಟೆ ಕಡಿಯುತ್ತ ಅವನು ನಾಲ್ಕು ದಿನ ಹಾಕಿಕೊಂಡಿದ್ದಂಥವು.

“ನಿಮ್ದೇ ಒಯ್ಬಹುದಿತ್ತಲ್ಲ ಅಕ್ಕ?”

“ನಂದಕ್ಕೆ ಬಾವಿ ಬರೀ ಮುನಿಸ್ಕೊಳ್ಳುತ್ತೆ. ನಿನ್ ಗಂಡಂದಕ್ಕೆ ಓಡುತ್ತೆ.”

ವಾಪಸ್ ಕೊಟ್ಟದ್ದು ಒಂದೇ ಕಾಲುಚೀಲ. ಇನ್ನೊಂದು ನೀರಲ್ಲಿ ಹೋಯಿತು ಎಂದಳು.

ಶನಿವಾರ ನೋಡಿದರೆ, ಬಾವಿಯಿಂದ ಹೊಲದೊಳಕ್ಕೆ ಹರಿಯುತ್ತಿದ್ದ ಕಲ್ಲಿನ ಕಾಲುವೆ ಒಣಗಿತ್ತು. ನೀರು ಗೋಡೆಯ ಬುಡದಿಂದ ಹೊರಬಿದ್ದು, ರಸ್ತೆ ದಾಟಿ, ಸಬೀನಕ್ಕನ ಬಾಗಿಲೆದುರಿನ ಗುಂಡಿಯಲ್ಲಿ ನಿಂತಿತ್ತು. ಭಾನುವಾರ ಅವಳ ಹಿಂದೆ ಅರ್ಧ ಊರೇ ಆ ಗುಂಡಿಗೆ ಸುತ್ತು ಬಂತು. ಕೊನೆಯಲ್ಲಿ ಫೆಸ್ಟಸ್, ಟೋಪಿ ತೆಗೆದು.

“ಕಣ್ಣು ಹೇಗಿದೆ ಅಕ್ಕ?” ಎಂದೆ.

“ಫೆಸ್ಟಸನ ಮುಖ ಚೆನ್ನಾಗಿ ಕಾಣ್ತಿದೆ.”

ಆ ನೀರು ಹಾಗೇ ಉಳಿಯಿತು. ಹನ್ನೊಂದು ವರ್ಷ ಅವಳು ಅದರಲ್ಲೇ ಕಣ್ಣು ತೊಳೆದಳು. ಮ್ಯಾಲಕಿಯನ್ನು ಮಣ್ಣು ಮಾಡಿದ ಮರುವರ್ಷ ಅವಳೂ ಹಾಸಿಗೆ ಹಿಡಿದಳು. ಪಾದ್ರಿ ಬಂದು ಅವಳ ಪಾಪಗಳನ್ನು ಕೇಳಿಸಿಕೊಂಡು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಆ ಇನ್ನೊಂದು ಕಾಲುಚೀಲ ಕಾಲುವೆ ಬಾಯಲ್ಲಿದೆ ಕಣೆ. ನಾನೇ ತುರುಕಿದ್ದು. ಪಾದ್ರಿಗೆ ಹೇಳ್ಲಿಲ್ಲ, ತೆಗಿ ಅಂದ್ಬಿಟ್ರೆ ಬ್ರಿಜಿಟಮ್ಮ ಮತ್ತೆ ಬೀಗದೊಳಗೆ. ಆದ್ರೆ ಅದು ನಿನ್ ಗಂಡಂದು. ನೀನೇ ಹೇಳು, ವಾಪಸ್ ಬೇಕಾ?”