ಹೆಬ್ಬೆರಳ ಸಪ್ಪಳ

ಯಾರಾದರೂ ಪವಾಡ ಎಂದರೆ, ಅದರ ಹಿಂದೆ ಯಾರ ಕೈ ಇದೆ ಎಂದು ಮೊದಲು ಹುಡುಕುವವನು ನಾನು. ಜೇವರ್ಗಿಯಲ್ಲಿ ಮೂಟೆ ಹೊತ್ತು, ಆಮೇಲೆ ತೊಗರಿ ವ್ಯಾಪಾರಕ್ಕಿಳಿದವನಿಗೆ ಬೇರೆ ಬುದ್ಧಿ ಬರುವುದಾದರೂ ಹೇಗೆ? ಚೀಲದ ಮೇಲಿನ ಕಾಳು ನೋಡಿ ನಂಬಬೇಡಿ ಎಂದು ನಿಮಗೂ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಕೊಳಕೂರಿನಲ್ಲಿ ಕೇಳಿದ್ದು ಏನೆಂದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.

ನನ್ನ ಬಾಲ್ಯದ ಗೆಳೆಯ ಸಾಯಬಣ್ಣ ಅಲ್ಲಿಯ ಹಲಗಿಕಾರ, ಚರ್ಮವಾದ್ಯ ಬಾರಿಸುವವನು. ಮೊಹರಮ್ಮಿನಲ್ಲಿ ಬೆಂಕಿಯ ಸುತ್ತ ನಡೆಯುವ ಅಲಾಯಿ ಕುಣಿತಕ್ಕೆ ಅವನ ಹಲಗಿಯೇ ಬೇಕು. ಅವನ ಬಡಿತಗಳನ್ನು ಕಂಪ್ಯೂಟರಿಗೆ ಕಲಿಸಲು ನಗರದಿಂದ ಒಬ್ಬ ಸಂಶೋಧಕಿ ಬಂದರು. ಕುಣಿಯುವವರ ಕಾಲಿಗೆ ಸಣ್ಣ ಯಂತ್ರದ ಪಟ್ಟಿ ಕಟ್ಟಿದರೆ, ಅವರ ಹೆಜ್ಜೆಗೆ ತಕ್ಕಂತೆ ಕಂಪ್ಯೂಟರೇ ಹಲಗಿ ನುಡಿಸಬೇಕು. ಮಾತುಕತೆಗೆ ಸಾಯಬಣ್ಣ ನನ್ನನ್ನು ಕೂರಿಸಿಕೊಂಡ.

“ಎಲ್ಲಾ ಕೊಡಬ್ಯಾಡ ಲೇ,” ಎಂದು ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. “ನಿಮ್ಮಪ್ಪನ ಮುಕ್ತಾಯ ಕೈಯಾಗ ಇಟ್ಕೋ. ಅದೂ ಹೋದ್ರ ನಾಳೆ ನಿನ್ನ ಯಾರು ಕರೀತಾರ?”

ನಮ್ಮ ಕಡೆ ಒಂದೊಂದು ಮನೆತನದ ಹಲಗಿಗೆ ಒಂದೊಂದು ಮುಕ್ತಾಯ. ಇವರದು ಜೋರಾಗಿ ಓಡಿ ಥಟ್ಟನೆ ನಿಲ್ಲುತ್ತದೆ. ಮುಗಿಯಿತು ಎಂದುಕೊಂಡಾಗ, ಅಂಗೈಯಿಂದ ಒಂದೇ ಪೆಟ್ಟು. ತೀರಿಹೋದ ಅವರಪ್ಪ ಆ ಪೆಟ್ಟಿಗೆ ಮುಂಚೆ ಹೆಬ್ಬೆರಳಿಂದ ಚರ್ಮ ಉಜ್ಜುತ್ತಿದ್ದರು. ಸಾಯಬಣ್ಣನಿಗೆ ಅದು ಒಲಿಯಲಿಲ್ಲ. ಮುದುಕನ ಹಲಗಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಸಂಶೋಧಕಿಯ ಮುಂದೆ ಸಾಯಬಣ್ಣ ಪ್ರತಿಸಲ ಥಟ್ಟನೆ ನಿಲ್ಲಿಸಿ, ಆ ಕೊನೆಯ ಪೆಟ್ಟು ಬಿಟ್ಟೇ ಬಾರಿಸಿದ. ನಾನು ಪಕ್ಕದಲ್ಲೇ ಕಾವಲು ಕೂತಿದ್ದೆ.

ಒಂದು ಸಂಜೆ ಶಾಲೆಯ ಅಂಗಳದಲ್ಲಿ ಊರವರ ಮುಂದೆ ಪ್ರದರ್ಶನ. ಸಾಯಬಣ್ಣ ಹಲಗಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕಾಲಿಗೆ ಪಟ್ಟಿ ಕಟ್ಟಿದ ಕುಣಿತದ ಮೇಳದವರ ಹೆಜ್ಜೆ ಬಿದ್ದಂತೆ ಸ್ಪೀಕರಿನಿಂದ ಅವನದೇ ಬಡಿತ ಬರತೊಡಗಿತು.

“ಏ ಸಾಯಬಣ್ಣ, ಈ ಡಬ್ಬಿ ನಿನ್ನ ರಿಟೈರ್ ಮಾಡ್ತು ನೋಡಲೇ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಬಡಿತ ಓಡಿ, ಥಟ್ಟನೆ ನಿಂತಿತು. ಜನ ಏಳತೊಡಗಿದರು. ಆಗ ಸ್ಪೀಕರಿನಲ್ಲಿ, ಒಣ ಚರ್ಮವನ್ನು ಹೆಬ್ಬೆರಳು ಉಜ್ಜಿದ ಸಪ್ಪಳ. ಹಿಂದೆಯೇ ಅಂಗೈಯ ಪೆಟ್ಟು. ಮೇಳದ ಹಿರಿಯ ಖಾಸೀಮಸಾಬರ ಕಾಲು ಹಳೆಯ ರೂಢಿಯಿಂದ ಅದಕ್ಕೆ ಸರಿಯಾಗಿ ನೆಲಕ್ಕೆ ಬಿತ್ತು.

“ಯಾ ಅಲ್ಲಾ, ಇದು ಯಾರ ಕೈರಿ?” ಎಂದರು.

ನಾನು ವೈರು ಕಿತ್ತು ನೋಡಿದೆ, ಡಬ್ಬಿಯ ಹಿಂದೆ ನೋಡಿದೆ. ಸಂಶೋಧಕಿಯ ಮುಖವನ್ನೂ ನೋಡಿದೆ, ಬೆವರಿದ್ದರು. “ಇದನ್ನು ನಾನು ಕಲಿಸಿಲ್ಲ ಸರ್,” ಎಂದು ಎಲ್ಲ ರೆಕಾರ್ಡಿಂಗ್ ಒಂದೊಂದಾಗಿ ಕೇಳಿಸಿದರು. ಯಾವುದರಲ್ಲೂ ಆ ಪೆಟ್ಟಿರಲಿಲ್ಲ. ಅವರ ಮೇಲೆ, ಖಾಸೀಮಸಾಬರ ಮೇಲೆ, ಸಾಯಬಣ್ಣನ ಮೇಲೂ ನನಗೆ ಗುಮಾನಿ ಬಂತು. ತಿರುಗಿದರೆ ಅವನು ನನ್ನನ್ನೇ ನೋಡುತ್ತಿದ್ದ.

“ನಾ ಹೇಳಿಲ್ಲೋ ದೋಸ್ತ,” ಎಂದೆ.

“ಮುಚ್ಚಿಟ್ಟದ್ದು ಏನಂತ ಗೊತ್ತಿದ್ದಾಂವ ನೀ ಒಬ್ಬಾಂವ ಅಷ್ಟ.”

“ಹೆಬ್ಬೆರಳಿಂದು ನಿನಗ ಬರಂಗಿಲ್ಲ. ನಾ ಹ್ಯಾಂಗ ಕೊಡ್ಲೋ?”

ಅವನು ಹಲಗಿ ಎತ್ತಿಕೊಂಡು ಹೊರಟುಹೋದ.

ನಾನು ಯಾರಿಗೂ ಹೇಳಿಲ್ಲ. ಡಬ್ಬಿಗೆ ಯಾರು ಹೇಳಿದರೋ ಗೊತ್ತಿಲ್ಲ. ಈ ಸಲದ ಮೊಹರಮ್ಮಿಗೂ ಹೋಗಿದ್ದೆ. ಸಾಯಬಣ್ಣನ ಬಡಿತ ಓಡಿ ನಿಂತಿತು. ಕುಣಿಯುವವರು ಒಂದು ಕಾಲೆತ್ತಿ ಕಾದರು. ಸಾಯಬಣ್ಣ ಗುಂಪಿನಲ್ಲಿ ನನ್ನನ್ನು ಕಂಡು, ಆ ಪೆಟ್ಟು ಬಾರಿಸದೆಯೇ ಹಲಗಿ ಕೆಳಗಿಟ್ಟ.