ಮರಳಿಗೆ ಹಾಕಿದ ಚರಗ

ಕಳೆದ ವರ್ಷ ಫೆಬ್ರವರಿಯ ಮೊದಲ ಭಾನುವಾರ ಮಧ್ಯಾಹ್ನ, ಕುಮಟಾದಿಂದ ಆಚೆಗಿರುವ ಒಂದು ಕಡಲತೀರದಲ್ಲಿ ನಾಯಿಗಳು ಕಡಲಾಮೆಯ ಗೂಡೊಂದನ್ನು ಕೆದರಿದವು. ಅದಕ್ಕೆ ಸ್ವಲ್ಪ ಮೊದಲು ಅದೇ ಮರಳಿನ ಮೇಲೆ ನನ್ನ ಅವ್ವ ಚರಗ ಚೆಲ್ಲಿದ್ದಳು. ಅವಳ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆದವಳು ನಾನು.

ಸಮುದ್ರಕ್ಕೆ ಹೋಗುವ ವಿಚಾರ ತಮ್ಮನದು. ಅವನು ನರೇಗಲ್ಲಿನಲ್ಲಿ ಹೊಲ ನೋಡಿಕೊಂಡಿದ್ದಾನೆ, ಅವ್ವ ಅವನ ಜೊತೆಗಿದ್ದಾಳೆ. ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟಗಳನ್ನು ತಿದ್ದುತ್ತೇನೆ. ಕಡಲೆ ರಾಶಿ ಮುಗಿದಿತ್ತು, ನನಗೆ ಭಾನುವಾರ ರಜೆ ಸಿಕ್ಕಿತ್ತು. ಅವ್ವ ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರೆಂದರೆ ನರಗುಂದದ ಕಡೆಯ ಕಾಲುವೆ.

ಜಾಗ ಆರಿಸಿದ್ದು ನಾನು. ಹಿಂದಿನ ತಿಂಗಳು ಕರಾವಳಿಯ ವರದಿಗಾರರು ಕಡಲಾಮೆಗಳ ಬಗ್ಗೆ ಒಂದು ಸುದ್ದಿ ಕಳಿಸಿದ್ದರು. ಜನ ಹೆಚ್ಚು ಓಡಾಡದ ಒಂದು ದಂಡೆಯಲ್ಲಿ ಆಮೆಗಳು ಬಂದು ಮೊಟ್ಟೆ ಇಟ್ಟಿವೆ, ಅರಣ್ಯ ಇಲಾಖೆಯವರು ಗೂಡುಗಳ ಸುತ್ತ ಬಲೆ ಕಟ್ಟಿ ಕಾಯುತ್ತಿದ್ದಾರೆ ಎಂಬ ಸುದ್ದಿ. ಓದಿದವರು ಗುಂಪು ಕಟ್ಟಿಕೊಂಡು ಹೋಗಬಾರದೆಂದು ದಂಡೆಯ ಹೆಸರನ್ನು ನಾನೇ ತೆಗೆದು ಹಾಕಿದ್ದೆ. ಓದುಗರಿಗೆ ಗೊತ್ತಾಗಬಾರದ ಹೆಸರು ನನಗೆ ಗೊತ್ತಿತ್ತು. ನಾವು ಅಲ್ಲಿಗೇ ಹೋದೆವು.

ಅವ್ವ ಗಜೇಂದ್ರಗಡದ ಕೈಮಗ್ಗದ ಸೀರೆ ಉಟ್ಟಿದ್ದಳು. ಅದನ್ನು ಮದುವೆಗಳಿಗಷ್ಟೇ ಉಡುತ್ತಾಳೆ. ಬುತ್ತಿ ಹಿಂದಿನ ರಾತ್ರಿಯಿಂದಲೇ ತಯಾರಾಗಿತ್ತು: ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಮೊಸರನ್ನ, ಶೇಂಗಾ ಹೋಳಿಗೆ. ಯಲ್ಲಾಪುರದ ಘಾಟಿಯಲ್ಲಿ ಕಾರು ತಿರುಗಿದಾಗಲೆಲ್ಲ ಅವಳು ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು.

ಗಾಳಿಮರಗಳ ನಡುವೆ ಕಾರು ನಿಲ್ಲಿಸಿ ದಂಡೆಗೆ ಇಳಿದೆವು.

"ಇದರ ಆಚಿ ದಂಡಿ ಎಲ್ಲೈತಿ?" ಎಂದು ಅವ್ವ ಕೇಳಿದಳು.

"ಕಾಣಂಗಿಲ್ಲವ್ವಾ," ಎಂದ ತಮ್ಮ. "ಕಂಡಿದ್ರ ನೀ ಅಲ್ಲಿ ಯಾರ ಹೊಲ ಐತಿ ಅಂತ ಕೇಳ್ತಿದ್ದಿ."

ದಾರಿಯ ಬಾಯಲ್ಲಿ ಇಲಾಖೆಯ ಫಲಕವಿತ್ತು. ಕಣ್ಣಿಗೆ ಬಿದ್ದ ಬರಹವನ್ನು ಪೂರ್ತಿ ಓದುವುದು ನನ್ನ ಕೆಲಸ ಕಲಿಸಿದ ಅಭ್ಯಾಸ. ಕಡಲಾಮೆ ಸಂರಕ್ಷಿತ ಜೀವಿ, ಗೂಡಿನ ಹತ್ತಿರ ಹೋಗಬೇಡಿ, ಬೆಂಕಿ ಹಾಕಬೇಡಿ, ಆಹಾರ ಚೆಲ್ಲಬೇಡಿ ಎಂದಿತ್ತು. ಅದನ್ನು ನಾನು ಓದಿದೆ. ಗಟ್ಟಿಯಾಗಿ ಓದಲಿಲ್ಲ. ಅವ್ವನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುವುದಿಲ್ಲ, ಕನ್ನಡಕ ಕಾರಿನಲ್ಲಿತ್ತು.

ಬಲೆ ಕಟ್ಟಿದ ಗೂಡಿನಿಂದ ದೂರದಲ್ಲೇ ಜಮಖಾನೆ ಹಾಸಿದೆವು. ಅದೇನು ಬೇಲಿ ಎಂದು ಅವ್ವ ಕೇಳಿದಳು. ನಾನು ಉತ್ಸಾಹದಿಂದಲೇ ಹೇಳಿದೆ: ಆಮೆ ಸಮುದ್ರದಿಂದ ಬರುತ್ತದೆ, ಮರಳು ತೋಡಿ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ, ಮರಳಿನ ಕಾವಿಗೇ ಮರಿಯಾಗುತ್ತದೆ.

"ಅಂದ್ರ ಈಗ ಈ ನೆಲ ಬಸುರಿ ಐತೇನು?"

"ಹಂಗ ಅನಬಹುದು," ಎಂದೆ.

ನಮ್ಮ ಕಡೆ ಸೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ, ಪೈರು ನಿಂತ ಹೊಲವನ್ನು ಬಸುರಿ ಎಂದು ಕರೆಯುತ್ತಾರೆ. ಬಸುರಿ ಹೆಂಗಸಿಗೆ ಬಯಕೆಯ ಊಟ ಬಡಿಸಿದ ಹಾಗೆ ಹೊಲಕ್ಕೂ ಬಡಿಸುತ್ತಾರೆ. ಅದೇ ಚರಗ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಹಿಂದಿನವರು "ಸಲಾಂಬ್ರಿಗೋ" ಎಂದು ನೀರು ಚಿಮುಕಿಸುತ್ತಾರೆ. ಅದಾದ ಮೇಲೆಯೇ ಮನೆಯವರ ಊಟ.

ಅವ್ವ ಆಗಲೇ ಹೋಳಿಗೆ ಮುರಿದು ಮೊಸರನ್ನಕ್ಕೆ ಕಲಸುತ್ತಿದ್ದಳು.

"ಅವ್ವಾ, ಇದು ನಮ್ಮ ಹೊಲ ಅಲ್ಲ," ಎಂದ ತಮ್ಮ. "ಇಲ್ಲಿ ಏನ ಬೆಳದ್ರೂ ನಮಗ ಬರಂಗಿಲ್ಲ."

"ಪಾಲು ಕೇಳಾಕ ಬಂದೀನೇನಲೇ ನಾ? ಹೊಟ್ಟ್ಯಾಗ ತತ್ತಿ ಇಟಗೊಂಡು ಕುಂತಾಳ ಆಕಿ. ಆಕಿ ಮುಂದ ನಾವಷ್ಟ ಉಂಡು ಬಾಯಿ ಒರಿಸಿಕೊಂಡು ಹೋಗೂದೇನು? ಏಳವಾ, ತಂಬಿಗಿ ಹಿಡಿ."

ಫಲಕದ ಸಾಲು ನನಗೆ ನೆನಪಿತ್ತು. ಅದು ಪ್ಯಾಕೆಟ್ ತಿಂಡಿಯವರಿಗೆ, ಕುಡಿದು ಉಳಿದದ್ದನ್ನು ಬಿಟ್ಟು ಹೋಗುವವರಿಗೆ ಬರೆದದ್ದು ಅಂದುಕೊಂಡೆ. ಎದ್ದು ತಂಬಿಗೆ ಹಿಡಿದೆ. ಜಮಖಾನೆಯಿಂದ ಹೊರಟು, ಬಲೆಯ ಹತ್ತಿರ ಹೋಗಿ, ಅದರ ಸುತ್ತ ಒಂದು ಸುತ್ತು ಹಾಕಿ ತಿರುಗಿ ಬಂದೆವು. ನಾನೂ ಕೂಗಿದೆ. ಸುತ್ತಮುತ್ತ ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯೂ ಆಗಲಿಲ್ಲ.

ಉಂಡ ಮೇಲೆ ನೀರಿಗೆ ಇಳಿದೆವು. ಅವ್ವ ಸೀರೆ ಎತ್ತಿ ಕಟ್ಟಿ ನಿಂತಳು. ತೆರೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳು ಜಾರಿದ್ದಕ್ಕೆ ಅವಳು ಕೂಗಿ, ನಕ್ಕು, ತಮ್ಮನ ರಟ್ಟೆ ಹಿಡಿದಳು. ಅವಳು ಅಷ್ಟು ನಕ್ಕದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಅದರ ಫೋಟೊ ನನ್ನ ಫೋನಿನಲ್ಲಿದೆ. ಹಿಂದೆ ದಂಡೆಯ ಮೇಲೆ, ಸಣ್ಣದಾಗಿ, ಅನ್ನದ ಸಾಲಿಗೆ ಮೂತಿ ಇಟ್ಟ ಎರಡು ನಾಯಿಗಳಿವೆ. ತೆಗೆಯುವಾಗ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗಾಳಿಮರಗಳ ಕಡೆಯಿಂದ ಇಲಾಖೆಯ ಕಾವಲುಗಾರನೊಬ್ಬ ಕೋಲು ಎತ್ತಿ ಕೂಗುತ್ತ ಓಡಿ ಬಂದಾಗ ನಾವು ತಿರುಗಿ ನೋಡಿದೆವು. ನಾಯಿಗಳು ಅನ್ನದ ಸಾಲು ಹಿಡಿದೇ ಬಲೆಯವರೆಗೆ ಹೋಗಿ, ಅದರ ಅಂಚಿನ ಕೆಳಗೆ ತೋಡಿದ್ದವು. ಹೊರಗೆ ಬಿಳಿ ಸಿಪ್ಪೆಗಳು ಬಿದ್ದಿದ್ದವು. ಮರಳಿಗೆ ಮೊಟ್ಟೆಯ ಹಳದಿ ಹತ್ತಿತ್ತು.

"ಅನ್ನ ಚೆಲ್ಲಿದ್ದು ಯಾರು ಮಾರಾಯ್ರೆ?" ಎಂದು ಅವನು ಏದುಸಿರಿನಲ್ಲೇ ಕೇಳಿದ.

ತಮ್ಮ ನನ್ನನ್ನು ನೋಡಿದ. ನಾನು ಸಮುದ್ರದ ಕಡೆ ನೋಡಿದೆ.

"ನಾನ ರೀ ಯಪ್ಪಾ," ಎಂದಳು ಅವ್ವ. "ಭೂಮ್ತಾಯಿಗೆ ಹಾಕೀನಿ."

ಅವನು ಬೈಯಲು ಬಾಯಿ ತೆರೆದಿದ್ದ. ಒದ್ದೆ ಸೀರೆಯಲ್ಲಿ ನಿಂತಿದ್ದ ಅವ್ವನನ್ನು ನೋಡಿ ದನಿ ಇಳಿಸಿದ. "ಭೂಮಿಗೆ ಹಾಕಿದ್ದು ನಾಯಿಗೆ ಹೋಯ್ತಲ್ಲ ಅಮ್ಮ," ಎಂದಷ್ಟೇ ಹೇಳಿ ಮಂಡಿಯೂರಿ ಕೂತು, ಉಳಿದ ಮೊಟ್ಟೆಗಳ ಮೇಲೆ ಮರಳು ಎಳೆಯತೊಡಗಿದ. ಅವು ಬದುಕುತ್ತವೆಯೇ ಎಂದು ತಮ್ಮ ಕೇಳಿದ್ದಕ್ಕೆ, ಮರಿ ಹೊರಬರುವ ಕಾಲಕ್ಕೇ ಗೊತ್ತಾಗುವುದು ಎಂದ. ನಾನು ಅವನ ನಂಬರ್ ಕೇಳಿ ಪಡೆದೆ.

ಅವ್ವ ಬುಟ್ಟಿ ತಂದು, ಚೆಲ್ಲಿದ ಅನ್ನವನ್ನು ಅಗುಳು ಅಗುಳಾಗಿ ಆರಿಸಲು ಕೂತಳು. ನಾವೂ ಕೂತೆವು. ಮರಳು ಬೆರೆತ ಅನ್ನ ನಮ್ಮೊಂದಿಗೆ ನರೇಗಲ್ಲಿನವರೆಗೂ ಬಂದು ತಿಪ್ಪೆಗೆ ಬಿತ್ತು.

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಅವ್ವ ಇಳಿಯಲಿಲ್ಲ. ನಾನು ಲೋಟ ಹಿಡಿದು ಕಾರಿನ ಬಾಗಿಲಿಗೆ ಹೋದೆ.

"ನಾಯಿ ಅನ್ನದ ಸಲುವಾಗೇ ಬಂದ್ವು ಅಂತ ಹೇಳಾಕ ಬರಂಗಿಲ್ಲವ್ವಾ," ಎಂದೆ. "ಅವು ಹಂಗೂ ಬರ್ತಿರಬಹುದು. ಯಾರೂ ನೋಡಿಲ್ಲ."

"ನಿಮ್ಮ ಪೇಪರಿನ್ಯಾಗ ಹಿಂಗ ಬರೀತೀರೇನು?"

"ಸಾಕ್ಷಿ ಇರದಿದ್ರ ಹಿಂಗ ಬರೀತೀವಿ."

"ಬರೀರಿ ಮತ್ತ. ನನಗ ಹೇಳಬ್ಯಾಡ."

ಅವಳು ಚಹಾ ಕುಡಿಯಲಿಲ್ಲ. ಸಾಕ್ಷಿ ನನ್ನ ಫೋನಿನಲ್ಲಿತ್ತು. ಫೋಟೊದ ಹಿನ್ನೆಲೆಯನ್ನು ನಾನು ಆ ಹೊತ್ತಿಗಾಗಲೇ ನೋಡಿದ್ದೆ.

ಆಮೇಲೆ ನಾನು ಊರಿಗೆ ಫೋನ್ ಮಾಡಿದಾಗಲೆಲ್ಲ ಅವ್ವ ಮೊದಲು ಕೇಳುತ್ತಿದ್ದದ್ದು, "ಆ ಕಾವಲಿನ ಮನಷ್ಯಾ ಫೋನ್ ಮಾಡಿದ್ದನೇನು?" ಎಂದೇ. ತಮ್ಮನ ಹೆಂಡತಿ ಹೇಳಿದ ಪ್ರಕಾರ ಅವಳು ಹೋಳಿಗೆ ಮುಟ್ಟುವುದನ್ನು ಬಿಟ್ಟಿದ್ದಳು. ಕಾರಣ ಕೇಳಿದರೆ ಹಲ್ಲು ನೋವು ಎನ್ನುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಕಾವಲುಗಾರ ಫೋನ್ ಮಾಡಿದ. ಆ ಗೂಡಿನಿಂದ ಕೆಲವು ಮರಿಗಳು ಹೊರಬಂದು ನೀರು ಸೇರಿದವು ಎಂದ. ಬೇರೆ ಗೂಡುಗಳಿಗೆ ಹೋಲಿಸಿದರೆ ಕಡಿಮೆ ಎಂದೂ ಹೇಳಿದ. ನಾನು ಅವ್ವನಿಗೆ ಮೊದಲ ಮಾತನ್ನಷ್ಟೇ ತಿಳಿಸಿದೆ.

"ಹ್ವಾದವು ಹ್ವಾದವು, ಚಲೋ ಆತು," ಎಂದಳು. ಸ್ವಲ್ಪ ತಡೆದು ಕೇಳಿದಳು: "ಹೋಗಲಾರದವು?"

ನೆಟ್‌ವರ್ಕ್ ಸರಿಯಿಲ್ಲ ಎಂದು ನಾನು ಫೋನ್ ಇಟ್ಟೆ.

ಈ ಸಲದ ಎಳ್ಳಮಾಸಿಗೆ ನಾನು ಊರಿಗೆ ಹೋಗಿದ್ದೆ. ಪ್ರತಿ ವರ್ಷದಂತೆ ಹೊಲಕ್ಕೆ ಬುತ್ತಿ ಹೋಯಿತು, ಹೋಳಿಗೆಯೂ ಇತ್ತು. ಅವ್ವ ಚರಗದ ಬುಟ್ಟಿಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ತಂಬಿಗೆ ಹಿಡಿದು ಹಿಂದೆ ನಡೆದಳು. ಹೊಲ ಕಾಯುವ ನಾಯಿಯನ್ನು ಅವಳು ಬೆಳಿಗ್ಗೆಯೇ ಬೇವಿನ ಗಿಡಕ್ಕೆ ಕಟ್ಟಿ ಹಾಕಿದ್ದಳು.