ಮನೆಗೆ ತಂದ ಕಮೆಂಟುಗಳು

ಬೀಳಗಿ ಬಿಟ್ಟ ಮೇಲೆ ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಬಸ್ಸಿನೊಳಗೆ ನುಗ್ಗುತ್ತದೆ. ಕಬ್ಬಿನ ಸೀಮೆಯವರಾದ ನಮಗೆ ಅದರ ರೂಢಿ ಇದೆ. ಆದರೆ ಅದು ಹಿಂದುಳಿದು ಘಟಪ್ರಭೆಯ ಸೇತುವೆ ಹತ್ತಿರವಾದಂತೆ ಇನ್ನೊಂದು ವಾಸನೆ ಬರುತ್ತದೆ. ಬೇಸಿಗೆಗೆ ಹಿನ್ನೀರು ಸರಿದಾಗ ಬಯಲಾಗುವ ಹಸಿ ರಾಡಿಯದು ಅದು. ಕಳೆದ ವಾರ ಕಾಲೇಜಿನ ಕೆಲಸಕ್ಕೆಂದು ಬಾಗಲಕೋಟೆಗೆ ಹೊರಟಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ ನಾತರೀ ಇದು" ಎಂದಳು. ನಾನು ಸುಮ್ಮನಿದ್ದೆ. ಅದು ನಾತವಲ್ಲ, ನನ್ನ ಅಜ್ಜನ ಊರು ಎಂದು ಬಿಡಿಸಿ ಹೇಳಲು ಆ ಸೇತುವೆ ಸಾಲುವುದಿಲ್ಲ.

ನಾನು ಸುಮ್ಮನಿದ್ದೆ ಎಂದರೆ ನನ್ನನ್ನು ಬಲ್ಲವರು ನಂಬಲಾರರು. ಯಾವ ಮಾತನ್ನೂ ಗಿಡ್ಡಕ್ಕೆ ಹೇಳಿ ನನಗೆ ಗೊತ್ತಿಲ್ಲ. ಮೇಲಾಗಿ ಜಮಖಂಡಿಯ ಒಂದು ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟು. ಬಾಯಿಯಷ್ಟೇ ವೇಗವಾಗಿ ಬೆರಳುಗಳೂ ಓಡುತ್ತವೆ. ಕಚೇರಿಗೆ ಹೊಸದಾಗಿ ಇಂಟರ್‌ನೆಟ್ ಬಂದ ಕಾಲಕ್ಕೆ, ಪರೀಕ್ಷೆಯ ಗಡಿಬಿಡಿ ಇಲ್ಲದ ಮಧ್ಯಾಹ್ನಗಳಲ್ಲಿ, ಕನ್ನಡದ ಬ್ಲಾಗುಗಳನ್ನು ಓದುವ ಚಟ ಹತ್ತಿತು. ಆಗ ಬ್ಲಾಗು ಎಂದರೆ ಈಗಿನ ಹಾಗೆ ಹಳೆಯ ಮಾತಲ್ಲ. ಊರಿಗೊಬ್ಬ ಕವಿ ಇರುವಂತೆ ಊರಿಗೊಂದು ಬ್ಲಾಗು ಇರುತ್ತಿತ್ತು.

ಹಾಗೆ ಓದುತ್ತ ಹೋದಾಗ ಸಿಕ್ಕಿದ್ದು ಯಮನಪ್ಪ ಕಾಕಾನ ಪುಟ. ಅವರು ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಡ್ಯೂಟಿ ಮುಗಿದ ಮೇಲೆ ಎದುರಿಗಿನ ಸೈಬರ್ ಅಂಗಡಿಯಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಊರನ್ನು ಬರೆಯುತ್ತಿದ್ದರು. ಒಂದು ಬರಹದಲ್ಲಿ ಊರಬಾಗಿಲ ಅಗಸಿ, ಇನ್ನೊಂದರಲ್ಲಿ ಹಿಟ್ಟಿನ ಗಿರಣಿ, ಮತ್ತೊಂದರಲ್ಲಿ ಹೊಳೆಗೆ ಇಳಿಯುವ ದಾರಿ. ನೀರು ಬಂದ ವರ್ಷದವರೆಗೂ ತಾವೇ ದಿನಾ ಕೂಗುತ್ತಿದ್ದ ತಮ್ಮೂರ ಬಸ್ಸಿನ ಹೆಸರನ್ನು ಒಂದು ದಿನ ಕೂಗುವುದು ನಿಂತಿತಂತೆ. ಆ ಬಸ್ಸಿನ ಹೊತ್ತಿಗೆ ಈಗಲೂ ಮೈಕಿನ ಮೇಲೆ ಕೈ ಹೋಗುತ್ತದೆ ಎಂದು ಬರೆದಿದ್ದರು. ಓದಿ ಮುಗಿಸಿದಾಗ ನನ್ನ ಚಹಾ ಆರಿತ್ತು. ಅವರ ಆ ಊರೇ ನನ್ನ ತಾಯಿಯ ತವರೂರು. ಸಾವಳಗಿಯ ಮನೆಯಿಂದ ಪ್ರತಿ ಸೂಟಿಗೆ ನಾನು ಓಡುತ್ತಿದ್ದುದು ಅಲ್ಲಿಗೇ.

ಮೊದಲ ಕಮೆಂಟು ಬರೆದೆ. ಇಂಥವರ ಮೊಮ್ಮಗಳು ನಾನು ಎಂದು ಶುರು ಮಾಡಿ, ಗಿರಣಿಯ ಹಿಂದಿನ ಬಾವಿ, ಅದರ ಒಡೆದ ಮೆಟ್ಟಿಲು, ಅಲ್ಲಿ ನನ್ನ ಕಾಲುಗೆಜ್ಜೆ ಬಿದ್ದದ್ದು, ಅದನ್ನು ಮುಳುಗಿ ತೆಗೆದವರು, ಅವರ ಹೆಂಡತಿಯ ಸಿಟ್ಟು, ಇಷ್ಟೆಲ್ಲ ಬರೆದೆ. ಮರುದಿನ ಕಾಕಾನ ಉತ್ತರ: "ಹೌದಲ್ಲವಾ ಮೊಮ್ಮಗಳ, ಆ ಮೆಟ್ಟಲ ನಾ ಮರತ ಬಿಟ್ಟಿದ್ದೆ. ಗೆಜ್ಜಿ ತಗದಾಂವ ನಮ್ಮ ಅಣ್ಣ." ಅಲ್ಲಿಂದ ಅದೇ ರೂಢಿಯಾಯಿತು. ಅವರು ಒಂದು ಓಣಿ ಬರೆದರೆ ನಾನು ಆ ಓಣಿಯ ಮನೆಗಳನ್ನು ಬರೆಯುವೆ. ನಾನು ಒಂದು ಮನೆ ತಪ್ಪಿಸಿದರೆ ಅವರು ಅದನ್ನು ತಂದು ಅದರ ಜಾಗದಲ್ಲಿ ಇಡುವರು. ನನ್ನ ಯಜಮಾನರು ಬನಹಟ್ಟಿಯವರು, ಮಗ್ಗದ ಸದ್ದಿನಲ್ಲಿ ಬೆಳೆದವರು. ಒಂದು ಸಂಜೆ ಕಚೇರಿಗೆ ನನ್ನನ್ನು ಕರೆಯಲು ಬಂದು, ಪರದೆಯ ಮೇಲೆ ಇಷ್ಟುದ್ದ ಇಳಿದಿದ್ದ ನನ್ನ ಕಮೆಂಟು ನೋಡಿ ನಕ್ಕರು. "ಮಂದಿ ಮಗ್ಗದಾಗ ನಿನ್ನ ಸೀರಿ ನೇಯಾಕತ್ತೀಯಲ್ಲ" ಎಂದರು. ನನಗೂ ನಗು ಬಂತು.

ಇಲ್ಲಿ ಸ್ವಲ್ಪ ಅಜ್ಜನ ಕಡೆ ಹೋಗಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಜ್ಜ ಆ ಊರಿನ ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುತ್ತಿದ್ದ. ಎರಡು ಮೇಳಗಳು ಎದುರುಬದುರು ಕೂಡುತ್ತವೆ. ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಕೇಳುತ್ತದೆ, ಇನ್ನೊಂದು ಹಾಡಿನಲ್ಲೇ ಉತ್ತರ ಕೊಡುತ್ತದೆ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಗುಡಿ ಮುಂದಿನ ಗಿಡದ ನೆರಳಿನಲ್ಲಿ ಅಜ್ಜ ಬೀರಪ್ಪನ ಅಕ್ಕನ ಹೆಸರೇನು ಎಂದು ಪದ ಕಟ್ಟಿ ಕೇಳಿದ. ನಾನು ಚಿಕ್ಕವಳು, ನಾಚಿಕೆಯಾಗಿ ಆಮೇಲೆ ಕೇಳಿದೆ: "ಅಜ್ಜಾ, ಅಷ್ಟೂ ಗೊತ್ತಿಲ್ಲೇನ ನಿನಗ? ನನಗ ಗೊತ್ತೈತಿ."

ಅಜ್ಜ ನಕ್ಕು, "ಹುಚ್ಚಿ, ಗೊತ್ತಿಲ್ಲಂತ ಕೇಳತೀವೇನು? ಎದರಿಗಿನವರು ಬಾಯಿ ತಗೀಲಿ ಅಂತ ಕೇಳೂದು. ಅವರು ಹಾಡಲಿಲ್ಲಂದ್ರ ನಮ್ಮ ಪದಾನೂ ಅಲ್ಲೇ ನಿಂತ ಬಿಡತೈತಿ" ಎಂದ. ದೊಡ್ಡವರ ಮಾತು ದೊಡ್ಡವರಿಗೆ ಎಂದು ನಾನು ಮರೆತುಬಿಟ್ಟೆ.

ಯಮನಪ್ಪ ಕಾಕಾನನ್ನು ನಾನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ. ಮುಧೋಳಕ್ಕೆ ಮದುವೆಗೆ ಹೋದವಳು ಬಸ್ಸು ಹತ್ತಿ ಲೋಕಾಪುರಕ್ಕೂ ಹೋಗಿ ಬಂದೆ. ಖಾಕಿ ಅಂಗಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ನನ್ನ ಹೆಸರು ಹೇಳುತ್ತಲೇ ಎದ್ದು ತಮ್ಮ ಕುರ್ಚಿಯನ್ನೇ ಒರೆಸಿ ಕೊಟ್ಟರು. "ಕೂಡವಾ, ನಮ್ಮೂರ ಮೊಮ್ಮಗಳು ನೀ" ಎಂದರು. ಮಾತಿನ ನಡುವೆ ಬಸ್ಸು ಬಂದಾಗಲೆಲ್ಲ ಮೈಕಿಗೆ ತಿರುಗಿ, "ಮುಧೋಳ, ಜಮಖಂಡಿ ಕಡೆ ಹೋಗವರು ಲಗೂನ ಹತ್ತರಿ" ಎಂದು ಕೂಗಿ ಮತ್ತೆ ನನ್ನ ಕಡೆ ತಿರುಗುವರು.

"ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ. ನಾ ಗೇಣ ಬರದ್ರ ನೀ ಮಾರ ಬರೀತಿ. ಅಂಥಾ ಛಲೋ ಬರವಣಗಿ ನನ್ನ ಪುಟದ ಬುಡಕ ಯಾಕ ಬೀಳಬೇಕು? ನಿಂದ ಒಂದ ಬ್ಲಾಗ ತಗಿ. ಇಲ್ಲಿ ಬರದದ್ದೆಲ್ಲಾ ಅಲ್ಲಿಗೆ ಒಯ್ಯಿ."

"ಅದು ನಿಮ್ಮ ಬರಹಕ್ಕ ಹೇಳಿದ್ದಲ್ರೀ ಕಾಕಾ" ಎಂದೆ.

"ಹೇಳಿದ್ದು ನೀನಲ್ಲ? ಖರೆ ಹೇಳತೀನಿ, ಒಯ್ಯಿ. ಇಲ್ಲಿಂದ ತಗದ ಬಿಡು ಮತ್ತ. ಇಲ್ಲಂದ್ರ ನಾಳೆ ಯಾರರೆ ಯಮನಪ್ಪಂದ ನೋಡಿ ಬರದಾಳ ಅಂದಾರು."

ಎಷ್ಟು ದೊಡ್ಡ ಮನಸ್ಸಿನ ಮಾತು ನೋಡಿ. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಜಮಖಂಡಿಗೆ ಬಂದವಳೇ ಬ್ಲಾಗು ತೆರೆದು, ಒಂದೊಂದೇ ಕಮೆಂಟನ್ನು ಅಲ್ಲಿಂದ ಅಳಿಸಿ ಇಲ್ಲಿಗೆ ತಂದೆ. ತರುವಾಗ ತುಸು ತೊಳೆದೆ. "ಕಾಕಾ, ನಿಮಗೆ ನೆನಪಿದೆಯಾ" ಎಂದು ಇದ್ದಲ್ಲಿ "ನನಗೆ ಇಂದಿಗೂ ನೆನಪಿದೆ" ಎಂದು ತಿದ್ದಿದೆ. "ಇಲ್ಲರೀ, ನೀವು ತಪ್ಪು ಹೇಳಿದಿರಿ" ಎಂಬ ಜಗಳದ ಸಾಲುಗಳನ್ನು ತೆಗೆದೆ. ತಲೆಬರಹ ಕೊಟ್ಟೆ, ಹೊಳೆಯ ಚಿತ್ರ ಹಚ್ಚಿದೆ. ಕಮೆಂಟು ಲೇಖನವಾಯಿತು. ಯಾರು ಯಾರೋ ಬಂದು "ಚೆನ್ನಾಗಿದೆ ಮೇಡಂ, ನಮ್ಮ ಬ್ಲಾಗಿಗೂ ಬನ್ನಿ" ಎಂದರು. ನಾನು ಅವರಲ್ಲಿಗೆಲ್ಲ ಹೋಗಿ "ನಿಮ್ಮದೂ ಚೆನ್ನಾಗಿದೆ" ಎಂದು ಬಂದೆ. ಲೇಖಕಿ ಎಂದು ಯಾರೋ ಕರೆದ ದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು.

ಕಾಕಾ ಕೂಡ ನನ್ನ ಬ್ಲಾಗಿಗೆ ಬರುತ್ತಿದ್ದರು. ಆದರೆ ಅಲ್ಲಿ ಅವರು ಬೇರೆಯವರಂತೆ ಇರುತ್ತಿದ್ದರು. "ಓದಿದೆ. ಛಲೋ ಆಗೇದ." ಅಷ್ಟೇ. ಹೊಸ ಬೀಗರ ಮನೆಯಲ್ಲಿ ಕುರ್ಚಿಯ ಅಂಚಿಗೆ ಕೂತವರ ಹಾಗೆ. ನಾನೂ ಎಲ್ಲರಿಗೆ ಬರೆಯುವಂತೆ "ಧನ್ಯವಾದಗಳು" ಎಂದು ಬರೆದೆ. ಅವರ ಪುಟ ಓದಿದಾಗ ಹೇಳುವುದೇನಾದರೂ ಹೊಳೆದರೆ, ಇದನ್ನೇ ಒಂದು ಲೇಖನ ಮಾಡಿದರಾಯಿತು ಎಂದು ಎತ್ತಿಟ್ಟುಕೊಳ್ಳುತ್ತಿದ್ದೆ. ಬರಬರುತ್ತ ಓದಲು ಹೋಗುವುದೂ ತಪ್ಪಿತು. ಆಮೇಲೆ ಎಲ್ಲರ ಕೈಗೂ ಫೋನು ಬಂದು ಬ್ಲಾಗುಗಳೇ ಬಿಕೋ ಎಂದವು. ನನ್ನದೂ ನಿಂತಿತು.

ಎಷ್ಟೋ ವರ್ಷದ ನಂತರ ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಕಂಟ್ರೋಲರ್ ಕೋಣೆಯಲ್ಲಿ ಇಣುಕಿ ಕೇಳಿದೆ: "ಯಮನಪ್ಪ ಕಾಕಾ ರಿಟೈರ್ ಆದ್ರಲ್ರೀ, ಈಗ ಎಲ್ಲಿರತಾರ?"

ಅಲ್ಲಿದ್ದವರು ರಿಜಿಸ್ಟರಿನಿಂದ ತಲೆ ಎತ್ತಿ, "ಹೋದ ವರ್ಷ ತೀರಕೊಂಡರಲ್ರೀ ಅಕ್ಕಾರ" ಎಂದರು. ನನ್ನ ಬಸ್ಸು ಬಂತು, ಹತ್ತಿ ಕೂತೆ. ಮನೆಗೆ ಬಂದು ಅವರ ಪುಟ ತೆರೆಯಬೇಕು ಎಂದುಕೊಂಡೆ. ಯಾವ ಮುಖ ಇಟ್ಟುಕೊಂಡು ಎನ್ನಿಸಿ ಬಿಟ್ಟೆ.

ಕಳೆದ ವಾರ ಆ ರಾಡಿಯ ವಾಸನೆ ಮೂಗಿನಲ್ಲೇ ಕೂತು ಮನೆಯವರೆಗೆ ಬಂತು. ಸಂಜೆ ಪುಟ ತೆರೆದೆ. ಎಲ್ಲ ಇದ್ದ ಹಾಗೇ ಇತ್ತು. ಆದರೆ ಪ್ರತಿ ಬರಹದ ಕೆಳಗೆ ನಾನು ಇದ್ದಲ್ಲಿ ಒಂದೇ ಸಾಲು: ಈ ಕಮೆಂಟನ್ನು ಲೇಖಕರು ತೆಗೆದುಹಾಕಿದ್ದಾರೆ. ಅದರ ಕೆಳಗೆ ಕಾಕಾನ ಉತ್ತರ: "ಹೌದಲ್ಲವಾ ಮೊಮ್ಮಗಳ, ಆ ಮೆಟ್ಟಲ ನಾ ಮರತ ಬಿಟ್ಟಿದ್ದೆ." ಯಾವ ಮೆಟ್ಟಿಲು? ಓದುವವರಿಗೆ ತಿಳಿಯುವುದಿಲ್ಲ. ಪುಟದ ತುಂಬ ಕಾಕಾ ಯಾರೂ ಇಲ್ಲದ ಕಡೆ ತಿರುಗಿ ಮಾತಾಡುತ್ತಿದ್ದರು. ಅತ್ತ ನನ್ನ ಬ್ಲಾಗಿನಲ್ಲಿ ಮೆಟ್ಟಿಲಿದೆ, ಅದನ್ನು ಹೌದು ಎನ್ನುವವರಿಲ್ಲ. ಇಬ್ಬರೂ ಕೂಡಿ ಕಟ್ಟಿದ ಊರನ್ನು ನಾನು ಅರ್ಧ ಕಿತ್ತು ತಂದಿದ್ದೆ. ಅವರೇ ಒಯ್ಯಿ ಎಂದರು, ಖರೆ. ಆದರೂ ಪುಟ ಮುಚ್ಚಲಾಗದೆ ಮುಂದೆ ಓದಿದೆ.

ಅವರ ಕೊನೆಯ ಬರಹ ಮೂರೇ ಸಾಲಿನದು. "ಬೀರಪ್ಪನ ಗುಡಿ ಮುಂದ ಒಂದು ಗಿಡ ಇತ್ತು. ಅದು ಯಾವ ಗಿಡ ಅನ್ನೂದು ನನಗ ನೆನಪು ಹಾರೇತಿ. ಬಲ್ಲವರು ಹೇಳರಿ." ಕೆಳಗೆ ಒಂದೂ ಕಮೆಂಟಿಲ್ಲ. ಪಾಪ, ವಯಸ್ಸಾಗಿ ಮರೆತಿದ್ದಾರೆ, ನಾನು ಇತ್ತ ಬಂದಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆನಲ್ಲ ಎಂದು ಹಳಹಳಿಸಿದೆ. ಆಮೇಲೆ ಹಿಂದಿನವನ್ನು ಓದುತ್ತ ಓದುತ್ತ ಅವರ ಮೊಟ್ಟಮೊದಲ ಬರಹಕ್ಕೆ ಬಂದೆ. ಅದರ ಎರಡನೆಯ ಸಾಲು: "ನಮ್ಮೂರ ಬೀರಪ್ಪನ ಗುಡಿಯ ಬೇವಿನ ಗಿಡಕ್ಕ ಡೊಳ್ಳು ತೂಗುಬಿದ್ದಿರತಿದ್ದವು."

ಅವರಿಗೆ ಗೊತ್ತಿತ್ತು. ಅಜ್ಜನ ಮಾತು ಅಷ್ಟು ವರ್ಷದ ಮೇಲೆ ಕಿವಿಗೆ ಬಂತು. ಕಾಕಾ ಮರೆತು ಕೇಳಿರಲಿಲ್ಲ. ಎದುರಿಗಿನ ಮೇಳ ಎದ್ದು ಹೋಗಿತ್ತು, ಅದನ್ನು ಕರೆಯುತ್ತಿದ್ದರು. ನಾನು ಆ ಹೊತ್ತಿನಲ್ಲಿ ಯಾರ ಅಂಗಳದಲ್ಲಿ "ನಿಮ್ಮದೂ ಚೆನ್ನಾಗಿದೆ" ಎನ್ನುತ್ತಿದ್ದೆನೋ.

ಕುಳಿತು ಅತ್ತೆ. ಆಮೇಲೆ ನನ್ನ ಬ್ಲಾಗಿನಿಂದ ಹಳೆಯ ಲೇಖನಗಳನ್ನು ಒಂದೊಂದಾಗಿ ತೆಗೆದು, ತಲೆಬರಹ ಕಿತ್ತು, "ನನಗೆ ಇಂದಿಗೂ ನೆನಪಿದೆ" ಎಂಬುದನ್ನು ಮತ್ತೆ "ಕಾಕಾ, ನಿಮಗೆ ನೆನಪಿದೆಯಾ" ಎಂದು ಮಾಡಿ ಅವರ ಪುಟಕ್ಕೆ ಹಾಕಿದೆ. ಉದ್ದವಾಯಿತು ಎಂದು ಕಮೆಂಟಿನ ಚೌಕ ತಕರಾರು ತೆಗೆಯಿತು. ತುಂಡು ಮಾಡಿ ಹಾಕಿದೆ. ಅವು ಕಾಕಾನ ಉತ್ತರದ ಕೆಳಗೆ ಹೋಗಿ ಕೂತವು. ಉತ್ತರ ಮೊದಲು, ಮಾತು ಆಮೇಲೆ. ಇರಲಿ.

ಕೊನೆಗೆ ಗಿಡದ ಪ್ರಶ್ನೆಗೆ ಬಂದೆ. ಬೇವಿನ ಗಿಡರೀ ಕಾಕಾ ಎಂದು ಶುರು ಮಾಡಿ, ಅದರ ನೆರಳು, ಕಟ್ಟೆ, ಅಜ್ಜ ಕೂಡುತ್ತಿದ್ದ ಜಾಗ, ಎಲ್ಲ ಬರೆದೆ. ಮುಗಿಸುವಾಗ ಒಂದು ಪ್ರಶ್ನೆ ಕೇಳಿದೆ: ಡೊಳ್ಳು ತೂಗುಹಾಕುತ್ತಿದ್ದ ಟೊಂಗೆ ಯಾವ ದಿಕ್ಕಿಗಿತ್ತು, ನೀವೇ ಹೇಳಬೇಕು.

ಅದು ಮೂಡಣಕ್ಕಿತ್ತು. ನನಗೆ ಚೆನ್ನಾಗಿ ಗೊತ್ತು.